ಮಾರ್ಕುಶ್ ರಚನೆ

ಔಷಧದ ಪೇಟೆಂಟೊಂದನ್ನು ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಒಂದು ಅರೆಬರೆ ಚಿತ್ರ. ನಡುವೆ ಬೆಂಜೀನ್ ಉಂಗುರದಂಥ ಚೌಕಟ್ಟು, ಅದರ ಅಂಚಿನಲ್ಲಿ ಪರಮಾಣುಗಳಿರಬೇಕಾದ ಕಡೆ ಆರ್1, ಆರ್2, ಆರ್3 ಎಂಬ ಗುರುತುಗಳು. ಆರ್1 ಎಂದರೆ ಹೈಡ್ರೋಜನ್, ಯಾವುದಾದರೊಂದು ಹ್ಯಾಲೊಜೆನ್ (ಫ್ಲೋರಿನ್, ಕ್ಲೋರಿನ್‌ಗಳ ಗುಂಪಿನ ಧಾತು), ಇಲ್ಲವೇ ಒಂದರಿಂದ ಆರು ಕಾರ್ಬನ್‌ಗಳುಳ್ಳ ಆಲ್ಕೈಲ್ ಗುಂಪು (ಕಾರ್ಬನ್ ಮತ್ತು ಹೈಡ್ರೋಜನ್‌ಗಳಷ್ಟೇ ಇರುವ ತುಣುಕು) ಎಂಬಂಥ ವಿವರಣೆ ಕೆಳಗೆ ಪುಟಗಟ್ಟಲೆ ಸಾಗುತ್ತದೆ. ಹೀಗೆ ಒಂದೇ ಚಿತ್ರದಲ್ಲಿ ಅಣುಗಳ ಇಡೀ ಕುಟುಂಬವನ್ನು ಹಿಡಿದಿಡುವ ಕ್ರಮಕ್ಕೆ ಮಾರ್ಕುಶ್ ರಚನೆ ಎಂದು ಹೆಸರು.

ಹೆಸರು ಬಂದದ್ದು ಯುಜೀನ್ ಮಾರ್ಕುಶ್ ಎಂಬ ರಸಾಯನಶಾಸ್ತ್ರಜ್ಞನಿಂದ. 1924ರಲ್ಲಿ ಅಮೆರಿಕದಲ್ಲಿ ಆತ ಪಡೆದ ಬಣ್ಣಗಳ ಪೇಟೆಂಟಿನಲ್ಲಿ, ಬಣ್ಣ ತಯಾರಿಕೆಯ ಕಚ್ಚಾವಸ್ತುವಾದ ಅನಿಲೀನ್ ಮತ್ತು ಅದರ ಬಳಗದ ವಸ್ತುಗಳನ್ನು ಹೆಸರಿಸಿ, 'ಈ ಗುಂಪಿನಿಂದ ಆಯ್ದದ್ದು' ಎಂಬ ಅರ್ಥದ ಮಾತಿತ್ತು. ಔಷಧಕ್ಕೂ ಆ ಪೇಟೆಂಟಿಗೂ ಸಂಬಂಧವಿರಲಿಲ್ಲವೆಂಬುದು ತಮಾಷೆಯೇ ಸರಿ.

ಐದು ಜಾಗಗಳಿಗೆ ತಲಾ ಇಪ್ಪತ್ತು ಆಯ್ಕೆಗಳಿದ್ದರೆ 32 ಲಕ್ಷ ಅಣುಗಳಾಗುತ್ತವೆ. ಅವುಗಳಲ್ಲಿ ಬಹುಪಾಲನ್ನು ಯಾರೂ ತಯಾರಿಸಿರುವುದಿಲ್ಲ, ಯಾವ ಪಟ್ಟಿಯಲ್ಲೂ ಬರೆದಿರುವುದಿಲ್ಲ. ಒಂದು ಅಣು ಈಗಾಗಲೇ ಯಾವುದಾದರೂ ಪೇಟೆಂಟಿನೊಳಗೆ ಸೇರಿದೆಯೇ ಎಂಬ ಹುಡುಕಾಟ ಕಷ್ಟವಾಗುವುದು ಇಲ್ಲಿಯೇ. ಹೆಸರು ಹಿಡಿದು ಹುಡುಕುವುದು ಹೇಗೂ ಭರವಸೆಯ ದಾರಿಯಲ್ಲ: ಪ್ಯಾರಾಸಿಟಮಾಲ್‌ಗೆ ಅಸಿಟಾಮಿನೋಫೆನ್ ಎಂಬ ಇನ್ನೊಂದು ಹೆಸರಿದೆ, ಮತ್ತು ಪೇಟೆಂಟ್ ಅರ್ಜಿ ಸಲ್ಲಿಸುವ ಹೊತ್ತಿಗೆ ಹೊಸ ಔಷಧಕ್ಕೆ ಸಾಮಾನ್ಯವಾಗಿ ಹೆಸರೇ ಇಟ್ಟಿರುವುದಿಲ್ಲ. ಪೂರ್ತಿಯಾಗಿ ಬರೆದ ಅಣುವಾದರೆ ಇನ್‌ಚಿ ಕೀ ಎಂಬ 27 ಅಕ್ಷರಗಳ ಗುರುತಿನಿಂದ ಸಿಕ್ಕೀತು. ಮಾರ್ಕುಶ್ ರಚನೆಯೊಳಗೆ ಅಡಗಿರುವ ಅಣುವಿಗೆ ಅಂಥ ಗುರುತು ಎಲ್ಲೂ ದಾಖಲಾಗಿರುವುದಿಲ್ಲ.

ಆದ್ದರಿಂದ ಮಾರ್‌ಪ್ಯಾಟ್‌ನಂಥ ದತ್ತಸಂಚಯಗಳು ಪಠ್ಯವನ್ನು ಬಿಟ್ಟು ಚಿತ್ರವನ್ನೇ ಹೋಲಿಸುತ್ತವೆ. ಪರಮಾಣುಗಳನ್ನು ಬಿಂದುಗಳೆಂದೂ ಬಂಧಗಳನ್ನು ಗೆರೆಗಳೆಂದೂ ಭಾವಿಸಿ, ನಾವು ಬರೆದುಕೊಟ್ಟ ಅಣು ಆ ಚೌಕಟ್ಟಿನಲ್ಲಿ ಕೂರುತ್ತದೆಯೇ ಎಂದು ಒಂದೊಂದು ಜಾಗವನ್ನೂ ಪರೀಕ್ಷಿಸುತ್ತವೆ. ನಮ್ಮ ಅಣುವಿನಲ್ಲಿ ಕ್ಲೋರಿನ್ ಮತ್ತು ಐಸೊಪ್ರೊಪೈಲ್ ಇವೆಯೆನ್ನೋಣ. ಪೇಟೆಂಟಿನಲ್ಲಿ ಈ ಎರಡು ಪದಗಳು ಎಲ್ಲಿಯೂ ಇಲ್ಲದಿದ್ದರೂ, ಕ್ಲೋರಿನ್ ಒಂದು ಹ್ಯಾಲೊಜೆನ್, ಐಸೊಪ್ರೊಪೈಲ್ ಮೂರು ಕಾರ್ಬನ್‌ಗಳ ಆಲ್ಕೈಲ್ ಎಂದು ತಿಳಿದ ತಂತ್ರಾಂಶ ಆ ಪೇಟೆಂಟನ್ನು ಎತ್ತಿಕೊಡುತ್ತದೆ.

ಆದರೆ ಕೈಗೆ ಬಂದದ್ದೆಲ್ಲ ಬೇಕಾದದ್ದಲ್ಲ. ತೀರಾ ಸಡಿಲವಾಗಿ ಬರೆದ ರಚನೆಗಳು ಪ್ರತಿ ಹುಡುಕಾಟದಲ್ಲೂ ತಲೆಹಾಕುತ್ತವೆ. 'ಹೆಟೆರೊಅರೈಲ್' (ಕಾರ್ಬನ್ ಜೊತೆ ನೈಟ್ರೋಜನ್, ಆಮ್ಲಜನಕದಂಥ ಬೇರೆ ಪರಮಾಣುವೂ ಇರುವ, ಬೆಂಜೀನ್ ಬಗೆಯ ಉಂಗುರ) ಎಂಬ ಪದಕ್ಕೆ ಒಂದೊಂದು ಪೇಟೆಂಟೂ ತನ್ನದೇ ವ್ಯಾಖ್ಯೆ ಕೊಟ್ಟುಕೊಂಡಿರುವುದುಂಟು. 'ಆರ್1 ಹೈಡ್ರೋಜನ್ ಆಗಿದ್ದಲ್ಲಿ ಆರ್2 ಮೀಥೈಲ್ ಆಗಿರತಕ್ಕದ್ದಲ್ಲ' ಎಂಬಂಥ ಷರತ್ತು ಯಾವುದೋ ಪುಟದ ಕೊನೆಯಲ್ಲಿ ಅವಿತಿರುತ್ತದೆ, ಅದನ್ನು ಕಣ್ಣಿಟ್ಟು ಓದಿಯೇ ಹಿಡಿಯಬೇಕು.