ಕಾರು ತೊಳೆದ ಮೇಲೆ ನೀರಿನ ಕಲೆ ಉಳಿಯದಂತೆ ಒಣಗಿಸುವುದು: ಅಧ್ಯಯನ ಟಿಪ್ಪಣಿ

ಶಾಂಪೂ ಹಾಕಿ ಚೆನ್ನಾಗಿ ತೊಳೆದ ಬಾನೆಟ್ ಮೇಲೆ ಅರ್ಧ ಗಂಟೆಯಲ್ಲಿ ಬಿಳಿ ಬಿಳಿ ಉಂಗುರಗಳು ಕಾಣಿಸಿಕೊಂಡರೆ, ತೊಳೆದದ್ದು ಸಾಲಲಿಲ್ಲ ಎಂದುಕೊಂಡು ಮತ್ತೊಮ್ಮೆ ಶಾಂಪೂ ಹಾಕುವವರೇ ಹೆಚ್ಚು. ಕೊಳೆ ಆಗಲೇ ಹೋಗಿರುತ್ತದೆ. ಉಳಿದಿರುವುದು ತೊಳೆದ ನೀರಿನೊಳಗೇ ಇದ್ದದ್ದು.

‘ಒಣಗಿಸು’ ಅನ್ನುವ ಮಾತೇ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ಬಟ್ಟೆ ಒಣಗಿಸುವುದೆಂದರೆ ಹಗ್ಗಕ್ಕೆ ಹಾಕಿ ನೀರು ಆರಲು ಬಿಡುವುದು. ಕಾರಿಗೆ ಆ ಲೆಕ್ಕ ನಡೆಯದು. ನೀರು ಆರಿದರೆ ಅದರಲ್ಲಿ ಕರಗಿದ್ದ ಲವಣ ಇದ್ದಲ್ಲೇ ಕೂರುತ್ತದೆ. ಆರುವ ಮೊದಲೇ ನೀರನ್ನು ಎತ್ತಿ ತೆಗೆದರೆ ಲವಣವೂ ಜೊತೆಗೇ ಹೋಗುತ್ತದೆ. ಮುಂದೆ ಬರುವ ಪ್ರತಿಯೊಂದು ಹಂತವನ್ನೂ ಈ ಒಂದು ಮಾತಿಗೆ ಒರೆಹಚ್ಚಿ ನೋಡಬಹುದು.

ಕಲೆ ಅಂದರೆ ಏನು, ಉಂಗುರ ಏಕೆ

ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಬೈಕಾರ್ಬನೇಟ್‌ಗಳು ಕರಗಿರುತ್ತವೆ. ನೀರು ಆವಿಯಾಗುತ್ತಿದ್ದಂತೆ ಕ್ಯಾಲ್ಸಿಯಂ ಬೈಕಾರ್ಬನೇಟ್ ಒಡೆದು ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ, ಕ್ಯಾಲ್ಸಿಯಂ ಕಾರ್ಬನೇಟ್ ಉಳಿಯುತ್ತದೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೂ ಇದೇ ವಸ್ತು. ಒಮ್ಮೆ ಹೀಗಾದ ಮೇಲೆ ಅದು ಬರಿ ನೀರಿನಲ್ಲಿ ಮತ್ತೆ ಸುಲಭವಾಗಿ ಕರಗುವುದಿಲ್ಲ. ಹಳೆಯ ಕಲೆಯನ್ನು ಎಷ್ಟು ಸಲ ತೊಳೆದರೂ ಹೋಗದಿರಲು ಕಾರಣ ಇದು.

ಇನ್ನು ಆಕಾರ. ಹನಿಯ ಅಂಚಿನಲ್ಲಿ ನೀರು ತೆಳುವಾಗಿರುತ್ತದೆ, ಅಲ್ಲಿ ಬೇಗ ಆವಿಯಾಗುತ್ತದೆ. ಆದರೆ ಅಂಚು ಮೇಲ್ಮೈಗೆ ಕಚ್ಚಿಕೊಂಡಿರುವುದರಿಂದ ಒಳಕ್ಕೆ ಸರಿಯುವುದಿಲ್ಲ. ಅಂಚಿನಲ್ಲಿ ಹೋದ ನೀರಿನ ಜಾಗ ತುಂಬಲು ನಡುವಿನ ನೀರು ಹೊರಕ್ಕೆ ಹರಿಯುತ್ತದೆ, ಹರಿಯುವಾಗ ಲವಣವನ್ನೂ ಎಳೆದುಕೊಂಡು ಹೋಗುತ್ತದೆ. ಕೊನೆಗೆ ಅಂಚಿನಲ್ಲಿ ದಪ್ಪ ಗೆರೆ, ನಡುವೆ ಬಹುತೇಕ ಖಾಲಿ. ಚೆಲ್ಲಿದ ಕಾಫಿ ಒಣಗಿದಾಗ ಅಂಚಿನಲ್ಲಿ ಗಾಢ ಗೆರೆ ಕಾಣುವುದೂ ಹೀಗೆಯೇ.

ಇದನ್ನು ಕಣ್ಣಾರೆ ನೋಡುವುದು ಸುಲಭ. ಕಪ್ಪು ಗಾಜಿನ ಚೂರು ಅಥವಾ ಹಳೆಯ ಮೊಬೈಲ್ ಪರದೆಯನ್ನು ಒರೆಸಿ ಮಟ್ಟಸವಾಗಿಟ್ಟು, ನಲ್ಲಿ ನೀರು, ಆರ್‌ಒ ನೀರು, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದೊಂದು ಹನಿ ಬಿಡಿ. ಮುಟ್ಟದೆ ಆರಲು ಬಿಡಿ. ನಲ್ಲಿ ನೀರಿನ ಹನಿ ಅಂಚು ಕಟ್ಟಿದ ಬಿಳಿ ಉಂಗುರವಾಗಿರುತ್ತದೆ, ಆರ್‌ಒ ಹನಿಯ ಜಾಗದಲ್ಲಿ ಓರೆಯಾಗಿ ನೋಡಿದರೆ ಮಾತ್ರ ತೆಳು ಗೆರೆ, ಮೂರನೆಯ ಹನಿ ಎಲ್ಲಿತ್ತು ಎಂದು ಹುಡುಕಬೇಕಾಗುತ್ತದೆ. ನಿಮ್ಮ ನೀರಿನ ಗುಣ ತಿಳಿಯಲು ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ.

ಸ್ವಲ್ಪ ಲೆಕ್ಕ

ನೀರಿನಲ್ಲಿ ಕರಗಿರುವ ಒಟ್ಟು ಘನವಸ್ತುವನ್ನು ಟಿಡಿಎಸ್ ಎನ್ನುತ್ತೇವೆ. ಅಳತೆ ಲೀಟರಿಗೆ ಇಷ್ಟು ಮಿಲಿಗ್ರಾಂ. ಗಡಸುತನ ಇದರ ಒಂದು ಭಾಗ: ಲೀಟರಿಗೆ 60 ಮಿಲಿಗ್ರಾಂವರೆಗೆ ಮೆದು, 120 ದಾಟಿದರೆ ಗಡಸು, 180 ದಾಟಿದರೆ ಬಹಳ ಗಡಸು ಎಂಬುದು ರೂಢಿಯಲ್ಲಿರುವ ವಿಂಗಡಣೆ.

ಟಿಡಿಎಸ್ 300 ಇರುವ ನೀರಿನಲ್ಲಿ ತೊಳೆದು, ಕೊನೆಗೆ ಕಾರಿನ ಮೈಮೇಲೆ 1 ಲೀಟರ್ ನೀರು ಉಳಿಯಿತು ಎಂದಿಟ್ಟುಕೊಳ್ಳಿ. ಎಲ್ಲವೂ ಆರಿದರೆ ಉಳಿಯುವ ಲವಣ 300 ಮಿಲಿಗ್ರಾಂ. ಒರೆಸುವ ಮೊದಲೇ ನೀರನ್ನು ಹರಿಸಿ 200 ಮಿಲಿಲೀಟರ್‌ಗೆ ಇಳಿಸಿದರೆ 60 ಮಿಲಿಗ್ರಾಂ. ಕೊನೆಯ ನೀರು ಟಿಡಿಎಸ್ 20ರ ಆರ್‌ಒ ನೀರಾಗಿದ್ದರೆ ಅದೇ 200 ಮಿಲಿಲೀಟರಿನಲ್ಲಿ 4 ಮಿಲಿಗ್ರಾಂ. ಬಟ್ಟೆ ಕೈಗೆ ತೆಗೆದುಕೊಳ್ಳುವ ಮೊದಲೇ ಮುಕ್ಕಾಲು ಕೆಲಸ ಆಗಿಹೋಗಿದೆ. ದುಬಾರಿ ಬಟ್ಟೆಯ ಹಿಂದೆ ಬೀಳುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಎಲ್ಲರೂ ಎಡವುವ ಜಾಗ ಇನ್ನೊಂದಿದೆ. ವಾಟರ್ ಸಾಫ್ಟನರ್ ಹಾಕಿದ ನೀರು ಮೆದುವಾಗಿರುತ್ತದೆ, ಆದರೆ ಟಿಡಿಎಸ್ ಇಳಿದಿರುವುದಿಲ್ಲ. ಸಾಫ್ಟನರ್ ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ, ಅಷ್ಟೆ. ಹಾಗಾಗಿ ಕಲೆ ಬಿದ್ದೇ ಬೀಳುತ್ತದೆ. ಸೋಡಿಯಂ ಲವಣ ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ಒದ್ದೆ ಬಟ್ಟೆಗೆ ಹೋಗುತ್ತದೆ ಎಂಬುದಷ್ಟೇ ಲಾಭ. ಆರ್‌ಒ ಯಂತ್ರ ಹೊರಬಿಡುವ ತ್ಯಾಜ್ಯ ನೀರಿನ ಕಥೆ ಉಲ್ಟಾ: ಅದರಲ್ಲಿ ಲವಣ ಮೂಲ ನೀರಿಗಿಂತಲೂ ಹೆಚ್ಚು. ಮೊದಲ ಸಲ ಮಣ್ಣು ಇಳಿಸಲು, ಚಕ್ರ ತೊಳೆಯಲು ಬಳಸಿ, ಕೊನೆಯ ನೀರಾಗಿ ಬೇಡ.

ತೊಳೆಯುವಾಗ ನೋಡಿಕೊಳ್ಳಬೇಕಾದದ್ದು

ನೆರಳು ಬೇಕು. ತಗಡು ತಣ್ಣಗಿರಬೇಕು. ಓಡಿಸಿ ತಂದ ಕಾರಿನ ಬಾನೆಟ್ ಎಂಜಿನ್ ಬಿಸಿಗೆ ಕಾದಿರುತ್ತದೆ. ಅಂಗೈ ಇಟ್ಟಾಗ ಬೆಚ್ಚಗೂ ಅನಿಸದಿದ್ದ ಮೇಲೆ ಶುರುಮಾಡಿ. ಬಿಸಿಲಲ್ಲೇ ತೊಳೆಯದೆ ಗತಿಯಿಲ್ಲ ಎಂದರೆ ಇಡೀ ಕಾರಿಗೆ ಒಟ್ಟಿಗೆ ಶಾಂಪೂ ಹಾಕಬೇಡಿ. ಒಂದು ಭಾಗ ತೊಳೆದು, ನೀರು ಹಾಕಿ, ಒರೆಸಿ, ಆಮೇಲೆ ಮುಂದಿನದು. ನೆರಳಿನಲ್ಲಿ ಇದಕ್ಕೆ ತದ್ವಿರುದ್ಧ: ಒರೆಸಲು ಕೈ ಹಾಕುವ ತನಕ ಇಡೀ ಕಾರು ಒದ್ದೆಯಾಗಿಯೇ ಇರಲಿ. ಎಡಪಕ್ಕ ತೊಳೆಯುವಾಗ ಬಲಪಕ್ಕ ಆರುತ್ತಿದ್ದರೆ ನಡುನಡುವೆ ನೀರು ಹಾಯಿಸುತ್ತಿರಿ.

ಹನಿ ಭೂತಗನ್ನಡಿಯಂತೆ ಬಿಸಿಲನ್ನು ಒಂದೆಡೆ ಸೇರಿಸಿ ಪೇಂಟನ್ನು ಸುಡುತ್ತದೆ ಎಂಬ ಮಾತು ಬಹಳ ಓಡಾಡುತ್ತದೆ. ಸಮತಟ್ಟಾದ ತಗಡಿಗೆ ಅಂಟಿಕೊಂಡ ಹನಿಯ ನಾಭಿ, ಅಂದರೆ ಬೆಳಕು ಒಂದೆಡೆ ಸೇರುವ ಬಿಂದು, ತಗಡಿಗಿಂತ ಕೆಳಗೆ ಬೀಳುವುದರಿಂದ ಆ ವಾದ ನಿಲ್ಲುವುದಿಲ್ಲ. ಬಿಸಿಲಿನ ನಿಜವಾದ ಕೇಡು ಬೇರೆ. ಹನಿ ಬೇಗ ಕುಗ್ಗುತ್ತದೆ, ಒಳಗಿನ ಲವಣ ದಟ್ಟವಾಗುತ್ತದೆ, ಬಿಸಿಗೆ ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಸ್ವಲ್ಪ ಮೆದುವಾಗುತ್ತದೆ. ಕಲೆ ಮೇಲೆ ಕೂರುವುದರ ಬದಲು ಒಳಕ್ಕೆ ಕಚ್ಚುತ್ತದೆ.

ಕೊನೆಯ ನೀರು

ಪೈಪಿನ ತುದಿಯ ಸ್ಪ್ರೇ ನಾಝಲ್ ತೆಗೆದುಬಿಡಿ. ಸ್ಪ್ರೇ ಮಾಡಿದರೆ ನೀರು ಸಾವಿರ ಹನಿಯಾಗಿ ಚೆದುರಿ ಒಂದೊಂದೂ ಅಲ್ಲಲ್ಲೇ ಕೂರುತ್ತದೆ. ಬರಿ ಪೈಪಿನಿಂದ ಒತ್ತಡವಿಲ್ಲದೆ, ತುದಿಯನ್ನು ಮೇಲ್ಮೈಗೆ ಹತ್ತಿರ ಹಿಡಿದು, ಚಾವಣಿಯ ನಡುವಿನಿಂದ ನಿಧಾನವಾಗಿ ಹರಿಸಿದರೆ ನೀರು ಹಾಳೆಯ ಹಾಗೆ ಜಾರುತ್ತದೆ. ಜಾರುವಾಗ ದಾರಿಯ ಹನಿಗಳನ್ನೂ ತನ್ನೊಳಗೆ ಸೇರಿಸಿಕೊಂಡು ಹೋಗುತ್ತದೆ. ಚಾವಣಿ, ಗಾಜು, ಬಾನೆಟ್, ಡಿಕ್ಕಿ, ಆಮೇಲೆ ಪಕ್ಕಗಳು. ಪೈಪಿನ ಲೋಹದ ತುದಿ ಪೇಂಟಿಗೆ ತಾಗದಂತೆ ನೋಡಿಕೊಳ್ಳಿ. ವ್ಯಾಕ್ಸ್ ಅಥವಾ ಕೋಟಿಂಗ್ ಇರುವ ಕಾರಿನಲ್ಲಿ ಇದು ಸೊಗಸಾಗಿ ಆಗುತ್ತದೆ, ವ್ಯಾಕ್ಸ್ ಸವೆದ ಕಾರಿನಲ್ಲಿ ನೀರು ಅಂಟಿಕೊಂಡೇ ನಿಲ್ಲುತ್ತದೆ. ಸೆರಾಮಿಕ್ ಕೋಟಿಂಗ್ ಇದೆ, ಕಲೆ ಬೀಳದು ಎಂದು ಮಾತ್ರ ನಂಬಬೇಡಿ. ಅಲ್ಲಿ ಉಳಿಯುವ ಹನಿಗಳು ಗುಂಡಗೆ, ಎತ್ತರಕ್ಕೆ ನಿಲ್ಲುತ್ತವೆ. ಒಂದೇ ಚಿಕ್ಕ ಜಾಗದಲ್ಲಿ ಅಷ್ಟೂ ಲವಣ ಇಳಿಯುತ್ತದೆ.

ನಲ್ಲಿ ನೀರು ತೀರಾ ಗಡಸಾಗಿದ್ದರೆ 10ರಿಂದ 15 ಲೀಟರ್ ಆರ್‌ಒ ನೀರು ಪಕ್ಕಕ್ಕಿಟ್ಟುಕೊಂಡು, ಗಿಡಕ್ಕೆ ನೀರು ಹಾಕುವ ಕ್ಯಾನಿನಲ್ಲಿ ತುಂಬಿ ಮೇಲಿನಿಂದ ಸುರಿಯಿರಿ. ಹೆಚ್ಚು ಕಾರು ತೊಳೆಯುವವರು ಡಿಅಯಾನೈಸರ್ ಸಿಲಿಂಡರ್ ಇಟ್ಟುಕೊಳ್ಳುತ್ತಾರೆ: ಒಳಗಿನ ರೆಸಿನ್ ಲವಣದ ಅಯಾನುಗಳನ್ನೆಲ್ಲ ಹಿಡಿದಿಟ್ಟುಕೊಂಡು ಟಿಡಿಎಸ್ ಸೊನ್ನೆಯ ಹತ್ತಿರದ ನೀರು ಕೊಡುತ್ತದೆ. ಟಿಡಿಎಸ್ ಅಳೆಯುವ ಮೀಟರ್ 10 ದಾಟಿ ಏರತೊಡಗಿದರೆ ರೆಸಿನ್ ಮುಗಿಯುತ್ತಾ ಬಂದಿದೆ ಎಂದು ತಿಳಿಯಬೇಕು. ಟಿಡಿಎಸ್ ಸೊನ್ನೆಯ ಹತ್ತಿರವಿರುವ ಈ ನೀರನ್ನು ಕೊನೆಗೆ ಹಾಕಿದಾಗ ಮಾತ್ರ ಕಾರನ್ನು ಹಾಗೆಯೇ ಆರಲು ಬಿಡಬಹುದು. ಶಾಂಪೂ ತೊಳೆಯಲೂ ಇದನ್ನೇ ಬಳಸಿ ರೆಸಿನ್ ಮುಗಿಸುವುದು ಶುದ್ಧ ದಂಡ.

ಬಟ್ಟೆ

ಮೈಕ್ರೋಫೈಬರ್ ಅಂದರೆ ಪಾಲಿಯೆಸ್ಟರ್ ಮತ್ತು ಪಾಲಿಅಮೈಡ್ ಸೇರಿದ ಸಣ್ಣ ಎಳೆ. ಸಾಮಾನ್ಯವಾಗಿ 80:20 ಅಥವಾ 70:30. ಸೀಳಿದ ಎಳೆಗಳ ನಡುವಿನ ಸಂದಿಯೇ ನೀರು ಹೀರುವುದು. ಒಣಗಿಸಲು ಮೂರು ಬಗೆಯ ನೇಯ್ಗೆ ಸಿಗುತ್ತದೆ. ಚೌಕಳಿ ಗುಳಿಗಳ ವಾಫಲ್ ಬಟ್ಟೆ ಹಗುರ, ಗಾಜಿಗೆ ಒಳ್ಳೆಯದು. ಉದ್ದ ರೋಮದ ಪ್ಲಶ್ ಬಟ್ಟೆ ಮೃದು, ಆದರೆ ಬೇಗ ತುಂಬಿಕೊಂಡು ಭಾರವಾಗುತ್ತದೆ. ಹುರಿಹಾಕಿದ ಎಳೆಯ ಟ್ವಿಸ್ಟೆಡ್ ಲೂಪ್ ದೊಡ್ಡ ಪ್ಯಾನೆಲ್‌ಗಳಿಗೆ ಸರಿ. 60×90 ಸೆಂಟಿಮೀಟರಿನ ಒಂದು ಬಟ್ಟೆ ಸಾಧಾರಣ ಕಾರಿನ ಬಹುಭಾಗ ಮುಗಿಸುತ್ತದೆ.

ಶಮಾಯ್ ಎಂಬ, ಒರೆಸಲು ಬಳಸುವ ಮೆದು ಚರ್ಮ ನೀರು ಹೀರುತ್ತದೆ, ಅದರ ಬಗ್ಗೆ ತಕರಾರಿಲ್ಲ. ತಕರಾರು ಅದರ ಚಪ್ಪಟೆ ಮೈಯದು. ತೊಳೆದ ಮೇಲೂ ಉಳಿದ ಒಂದು ಮರಳಿನ ಕಣ ಮೈಕ್ರೋಫೈಬರಿನಲ್ಲಿ ಎಳೆಗಳ ನಡುವೆ ಮುಳುಗುತ್ತದೆ. ಶಮಾಯ್‌ನಲ್ಲಿ ಮುಳುಗಲು ಜಾಗವಿಲ್ಲ, ಪೇಂಟಿನ ಮೇಲೆ ಉಜ್ಜುತ್ತಾ ಹೋಗುತ್ತದೆ. ಸಿಲಿಕೋನ್ ವೈಪರ್ ಪಟ್ಟಿಗೂ ಇದೇ ಮಾತು. ಗಾಜಿನ ಮೇಲೆ ಬಳಸಿ, ಪೇಂಟಿನ ಮೇಲೆ ಬೇಡ.

ಹೊಸ ಬಟ್ಟೆಯನ್ನು ಒಮ್ಮೆ ಒಗೆದೇ ಬಳಸಬೇಕು. ಮೈಕ್ರೋಫೈಬರನ್ನು ಹತ್ತಿ ಬಟ್ಟೆಯ ಜೊತೆ ಹಾಕಿದರೆ ಅದರ ನಾರೆಲ್ಲ ಇದಕ್ಕೆ ಹತ್ತುತ್ತದೆ. ಫ್ಯಾಬ್ರಿಕ್ ಸಾಫ್ಟನರ್ ಎಳೆಗಳಿಗೆ ಜಿಡ್ಡಿನ ಪದರ ಕೂರಿಸುವುದರಿಂದ ಬಟ್ಟೆ ನೀರು ಹೀರದೆ ತಳ್ಳತೊಡಗುತ್ತದೆ. ಉಗುರುಬೆಚ್ಚನೆಯ ನೀರು, ದ್ರವ ಡಿಟರ್ಜೆಂಟ್ ಸಾಕು. ಹೆಚ್ಚು ಬಿಸಿ ತಾಗಿದರೆ ಎಳೆಯ ತುದಿ ಗಡುಸಾಗುತ್ತದೆ.

ಒರೆಸುವುದು

ಒರೆಸುವುದು ಎನ್ನುವುದಕ್ಕಿಂತ ಹೀರಿಸುವುದು ಎನ್ನಬೇಕು. ಬಟ್ಟೆಯನ್ನು ಪೂರ್ತಿ ಬಿಡಿಸಿ ಬಾನೆಟ್ ಮೇಲೆ ಹಾಸಿ, ಎರಡು ಮೂಲೆ ಹಿಡಿದು ನಿಮ್ಮ ಕಡೆಗೆ ನಿಧಾನವಾಗಿ ಎಳೆದುಕೊಳ್ಳಿ. ಬಟ್ಟೆಯ ತೂಕವೇ ಸಾಕು, ಕೈ ಒತ್ತುವುದು ಬೇಡ. ಪಕ್ಕದ ಬಾಗಿಲುಗಳಿಗೆ ನಾಲ್ಕು ಮಡಿಕೆ ಮಾಡಿ ತಟ್ಟಿ ತಟ್ಟಿ ಹೀರಿಸಿ. ಒಂದು ಮಡಿಕೆ ನೆನೆದು ಹಿಂದೆ ನೀರಿನ ಗೆರೆ ಬಿಡುತ್ತಿದೆ ಎಂದರೆ ತಿರುಗಿಸಿ. ಆ ಗೆರೆಯೂ ಆರಿದರೆ ಕಲೆಯೇ.

ಮಟ್ಟಸವಾದ ಭಾಗಗಳೇ ಮೊದಲು, ಅಲ್ಲಿ ನೀರು ನಿಲ್ಲುತ್ತದೆ. ಗಾಜಿಗೆ ಬೇರೆ ಬಟ್ಟೆ, ಇಲ್ಲದಿದ್ದರೆ ಪೇಂಟಿನ ವ್ಯಾಕ್ಸ್ ಗಾಜಿಗೆ ಹತ್ತಿ ರಾತ್ರಿ ಎದುರಿನ ದೀಪಕ್ಕೆ ಮಂಜು ಕವಿದಂತೆ ಕಾಣುತ್ತದೆ. ಬಾಗಿಲಿನ ಕೆಳಭಾಗ, ಬಂಪರಿನ ತಳ, ಚಕ್ರಗಳಿಗೆ ಹಳೆಯ ಬಟ್ಟೆ. ಅದು ಮತ್ತೆ ಮೇಲಕ್ಕೆ ಬರಬಾರದು.

ನೀರು ಗಡಸಾಗಿದ್ದರೆ ಡ್ರೈಯಿಂಗ್ ಏಡ್ ಎಂಬ ಸ್ಪ್ರೇ ಉಪಯೋಗಕ್ಕೆ ಬರುತ್ತದೆ. ಇನ್ನೂ ಒದ್ದೆಯಿರುವ ಪ್ಯಾನೆಲ್ ಮೇಲೆ ಒಂದೆರಡು ಸಲ ಸಿಂಪಡಿಸಿ ಬಟ್ಟೆ ಎಳೆದರೆ ಜಾರಿಕೆ ಹೆಚ್ಚಿ ಗೀರು ಬೀಳುವ ಸಂಭವ ಕಡಿಮೆಯಾಗುತ್ತದೆ. ಅತಿಯಾದರೆ ಅದೇ ಮಬ್ಬು ಬಿಡುತ್ತದೆ.

ಅಡಗಿ ಕೂತ ನೀರು

ಎಲ್ಲ ಮುಗಿಸಿ ಹೊರಟ ಮೇಲೆ ಸೈಡ್ ಮಿರರ್ ಕೆಳಗಿನಿಂದ ಬಾಗಿಲಿನ ಮೇಲೆ ಒಂದು ಉದ್ದ ಗೆರೆ ಇಳಿದಿರುತ್ತದೆ. ನೀರು ಕನ್ನಡಿಯ ಹಿಂದೆ, ಬಾಗಿಲಿನ ಹಿಡಿಕೆಯೊಳಗೆ, ನಂಬರ್ ಪ್ಲೇಟಿನ ಹಿಂದೆ, ಲೋಗೋ ಸುತ್ತ, ಗ್ರಿಲ್‌ನಲ್ಲಿ, ಟೇಲ್ ಲ್ಯಾಂಪ್ ಸಂದಿಯಲ್ಲಿ, ಕಿಟಕಿಯ ಬೀಡಿಂಗ್ ಕೆಳಗೆ, ಇಂಧನ ಮುಚ್ಚಳದಲ್ಲಿ, ವೀಲ್ ನಟ್ ಗುಂಡಿಗಳಲ್ಲಿ ಕಾದು ಕೂತಿರುತ್ತದೆ. ಬ್ಲೋವರ್ ಇದ್ದರೆ ಬಟ್ಟೆಗಿಂತ ಮೊದಲೇ ಈ ಸಂದಿಗಳಿಗೆ ಗಾಳಿ ಬಿಡಿ, ಮೇಲಿನಿಂದ ಕೆಳಕ್ಕೆ, ಓರೆಯಾಗಿ. ನೆಲಕ್ಕೆ ತಿರುಗಿದರೆ ಧೂಳೆದ್ದು ಒದ್ದೆ ಪೇಂಟಿಗೆ ಹತ್ತುತ್ತದೆ. ಟೈರಿಗೆ ಗಾಳಿ ತುಂಬುವ ಕಂಪ್ರೆಸರಿನ ಗಾಳಿಯಲ್ಲಿ ಎಣ್ಣೆ ಮತ್ತು ತೇವ ಬೆರೆತು ಬರಬಹುದು. ಫಿಲ್ಟರ್ ಇಲ್ಲದಿದ್ದರೆ ಬೇಡ.

ಬ್ಲೋವರ್ ಇಲ್ಲದಿದ್ದರೆ ಕನ್ನಡಿಯನ್ನು ಮಡಚಿ ಬಿಡಿಸಿ, ಬಾಗಿಲು ಮತ್ತು ಡಿಕ್ಕಿಯನ್ನು ತೆರೆದು ಮುಚ್ಚಿ ನೀರು ಇಳಿಸಿ, ಹತ್ತು ನಿಮಿಷ ಬಿಟ್ಟು ಸಣ್ಣ ಬಟ್ಟೆಯೊಂದಿಗೆ ಎರಡನೆಯ ಸುತ್ತು ಬನ್ನಿ. ಬಾಗಿಲಿನ ಕೆಳಅಂಚಿನ ನೀರು ಹೋಗುವ ತೂತುಗಳು ಮಣ್ಣಿನಿಂದ ಮುಚ್ಚಿದ್ದರೆ ನೀರು ಒಳಗೇ ನಿಂತು ತುಕ್ಕು ಹಿಡಿಯುತ್ತದೆ. ಬ್ರೇಕ್ ಡಿಸ್ಕ್ ಒಣಗಲು ಒಂದೆರಡು ನಿಮಿಷ ನಿಧಾನವಾಗಿ ಓಡಿಸಿ ಮೆಲ್ಲಗೆ ಬ್ರೇಕ್ ಒತ್ತಿ. ಮೈ ಒಣಗಿಸಲು ಜೋರಾಗಿ ಓಡಿಸುವುದು ಮಾತ್ರ ಉಪಾಯವಲ್ಲ: ಗಾಳಿಗೆ ಹನಿ ಸರಿದು ಗೆರೆಯಾಗಿ ಆರುತ್ತದೆ, ಜೊತೆಗೆ ರಸ್ತೆಯ ಧೂಳು.

ಕಲೆ ಬಿದ್ದೇ ಬಿಟ್ಟಿದ್ದರೆ

ಅದೇ ದಿನದ ಕಲೆಗೆ ಮತ್ತೊಮ್ಮೆ ಶಾಂಪೂ, ಸರಿಯಾದ ಒಣಗಿಸುವಿಕೆ ಸಾಕಾಗಬಹುದು. ಒಣ ಬಟ್ಟೆಯಿಂದ ಉಜ್ಜಲೇಬಾರದು, ಆ ಬಿಳಿ ಪುಡಿಯೇ ಗೀರು ಹಾಕುತ್ತದೆ. ಹೋಗದಿದ್ದರೆ ಶೇಕಡ 5ರ ಬಿಳಿ ವಿನೆಗರ್‌ಗೆ ಅಷ್ಟೇ ಡಿಸ್ಟಿಲ್ಡ್ ವಾಟರ್ ಬೆರೆಸಿ, ಬಟ್ಟೆಯನ್ನು ನೆನೆಸಿ ಕಲೆಯ ಮೇಲೆ ಒಂದೆರಡು ನಿಮಿಷ ಹಾಸಿಡಿ. ಆಮ್ಲ ಕಾರ್ಬನೇಟನ್ನು ಕರಗಿಸುತ್ತದೆ. ತಗಡು ತಣ್ಣಗಿರಬೇಕು, ದ್ರಾವಣ ಆರಬಾರದು, ಬರಿ ಅಲ್ಯೂಮಿನಿಯಂ ಭಾಗಗಳಿಗೆ ತಾಗಬಾರದು. ಆಮೇಲೆ ಧಾರಾಳ ನೀರು, ಶಾಂಪೂ, ಹೊಸದಾಗಿ ವ್ಯಾಕ್ಸ್; ವಿನೆಗರ್ ಹಳೆಯ ವ್ಯಾಕ್ಸನ್ನೂ ಸಡಿಲಿಸಬಹುದು. ನೀರಿನಲ್ಲಿ ಸಿಲಿಕಾ ಹೆಚ್ಚಿದ್ದರೆ ಆ ಕಲೆಗೆ ವಿನೆಗರ್ ಏನೂ ಮಾಡದು.

ಬಿಳುಪು ಹೋಗಿ, ದೀಪದ ಬೆಳಕನ್ನು ಓರೆಯಾಗಿ ಬಿಟ್ಟಾಗ ಉಂಗುರದ ಆಕಾರ ಇನ್ನೂ ಕಾಣುತ್ತಿದ್ದರೆ ಅದು ಕಲೆಯಲ್ಲ, ಗುಳಿ. ಅಲ್ಲಿ ತೆಗೆಯಲು ಏನೂ ಉಳಿದಿಲ್ಲ. ಸುತ್ತಲಿನ ಕ್ಲಿಯರ್ ಕೋಟನ್ನೇ ಪಾಲಿಶ್ ಮಾಡಿ ಆ ಮಟ್ಟಕ್ಕೆ ಇಳಿಸಬೇಕು. ಕ್ಲಿಯರ್ ಕೋಟ್ ಇರುವುದೇ ಸುಮಾರು 40ರಿಂದ 50 ಮೈಕ್ರಾನ್. ಹಾಗಾಗಿ ಅತಿ ನುಣುಪಾದ ಪಾಲಿಶ್ ಮತ್ತು ಮೆದು ಪ್ಯಾಡ್‌ನಿಂದ ಅಂಗೈಯಗಲದ ಜಾಗದಲ್ಲಿ ಮೊದಲು ಪರೀಕ್ಷಿಸಿ. ಎರಡು ಸಲಕ್ಕೂ ಹೋಗದ ಗುಳಿಯನ್ನು ಹಾಗೆಯೇ ಬಿಡುವುದು ಲೇಸು.