ಅವರ ಟಿವಿಯನ್ನು ಹಾಗೇ ತೋರಿಸಿದರೆ ಅವರ ಪ್ರಚಾರವನ್ನೇ ಹರಡಿದ ಹಾಗೆ ಅಲ್ವಾ?

ಓದುಗರ ಪ್ರಶ್ನೆ: ಬೇರೆ ದೇಶದ ಸರಕಾರಿ ಟಿವಿ ಹೇಳಿದ್ದನ್ನು ಟೀಕೆ ಟಿಪ್ಪಣಿ ಇಲ್ಲದೆ ಅನುವಾದ ಮಾಡಿ ತೋರಿಸುವ ಚಾನೆಲ್‌ಗಳಿವೆ ಎಂದು ಕೇಳಿದ್ದೇನೆ. ಅದರಿಂದ ಆ ಸರಕಾರದ ಸುಳ್ಳುಗಳೂ ಹರಡುವುದಿಲ್ಲವೇ? ನೋಡುವವರಿಗೆ ಏನು ಲಾಭ?

ಹರಡಬಹುದು. ಇದನ್ನು ಒಪ್ಪಿಕೊಂಡೇ ಮುಂದೆ ಹೋಗೋಣ. ಒಂದೇ ಸರಕಾರದ ಸುದ್ದಿಯನ್ನು ತಂದು, ಅದು ಯಾರದ್ದು ಎಂದು ಹೇಳದೆ ತೋರಿಸಿದರೆ ಅದು ಪ್ರಚಾರವೇ. ಆದರೆ ಹಲವು ಕಡೆಯ ಸುದ್ದಿಯನ್ನು ಒಂದರ ಪಕ್ಕ ಒಂದು ಇಟ್ಟು, ಪ್ರತಿಯೊಂದೂ ಯಾವ ದೇಶದ ಯಾವ ಚಾನೆಲ್‌ನದು ಎಂದು ಹೇಳಿ ತೋರಿಸಿದರೆ ನೋಡುವವರ ತಲೆಯಲ್ಲಿ ನಡೆಯುವುದೇ ಬೇರೆ. ಅಮೆರಿಕದ ಲಿಂಕ್ ಟಿವಿ ಸುಮಾರು ಹತ್ತು ವರ್ಷ ಇದನ್ನು ಮಾಡಿತು. ಅದನ್ನು ನೋಡಿದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಲಿಂಕ್ ಟಿವಿ ಶುರುವಾದದ್ದು 1999ರ ಡಿಸೆಂಬರ್‌ನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಅದು ಲಾಭಕ್ಕೆ ನಡೆಯುವ ಚಾನೆಲ್ ಆಗಿರಲಿಲ್ಲ. ನೋಡುಗರ ದೇಣಿಗೆ ಮತ್ತು ಪ್ರತಿಷ್ಠಾನಗಳ ನೆರವಿನಿಂದ ನಡೆಯುತ್ತಿತ್ತು. ಇಂಥ ಚಾನೆಲ್ ಮನೆಮನೆಗೆ ತಲುಪಿದ್ದು ಹೇಗೆ? ಅದಕ್ಕೆ ಕಾರಣ ಒಂದು ಕಾನೂನು. ಡಿಶ್ ಮೂಲಕ ಟಿವಿ ಕೊಡುವ ಕಂಪನಿಗಳು ತಮ್ಮ ಚಾನೆಲ್ ಜಾಗದಲ್ಲಿ ಶೇಕಡಾ 4ರಷ್ಟನ್ನು ಜನಹಿತದ, ವ್ಯಾಪಾರವಲ್ಲದ ಕಾರ್ಯಕ್ರಮಗಳಿಗೆ ಬಿಡಬೇಕು ಎಂಬ ನಿಯಮ ಅಲ್ಲಿದೆ. ಆ ಜಾಗದಲ್ಲೇ ಲಿಂಕ್ ಟಿವಿ ಡೈರೆಕ್ಟ್‌ಟಿವಿ ಮತ್ತು ಡಿಶ್ ನೆಟ್‌ವರ್ಕ್‌ಗಳ ಗ್ರಾಹಕರನ್ನು ಮುಟ್ಟಿತು. ಇಷ್ಟು ಸಣ್ಣ ನಿಯಮದಿಂದ ಇಷ್ಟು ದೊಡ್ಡ ಕೆಲಸ ಆಯಿತಲ್ಲ ಎಂದು ನನಗೆ ಈಗಲೂ ಖುಷಿಯಾಗುತ್ತದೆ.

ಅದನ್ನು ಕಟ್ಟಿದವರಲ್ಲಿ ಒಬ್ಬರು ಕಿಮ್ ಸ್ಪೆನ್ಸರ್. 1980ರ ದಶಕದಲ್ಲಿ, ಶೀತಲ ಸಮರ ಇನ್ನೂ ನಡೆಯುತ್ತಿದ್ದಾಗ, ಅಮೆರಿಕದವರನ್ನೂ ಸೋವಿಯತ್ ಒಕ್ಕೂಟದವರನ್ನೂ ಉಪಗ್ರಹದ ಮೂಲಕ ಟಿವಿಯಲ್ಲಿ ಎದುರುಬದುರು ಮಾತಾಡಿಸಿದ ತಂಡಗಳಲ್ಲಿ ಅವರಿದ್ದರು. ಎದುರಾಳಿಯ ಮಾತನ್ನು ಎದುರಾಳಿಯ ಬಾಯಿಂದಲೇ ಕೇಳಬೇಕು ಎಂಬ ಹಟ ಆಗಿನಿಂದಲೇ ಬಂದದ್ದು.

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಆ ಹಟಕ್ಕೆ ದೊಡ್ಡ ಕೆಲಸ ಸಿಕ್ಕಿತು. ಅಮೆರಿಕದ ಟಿವಿಯಲ್ಲಿ ಇಡೀ ದಿನ ಮಧ್ಯಪ್ರಾಚ್ಯದ್ದೇ ಮಾತು. ಆದರೆ ಅಲ್ಲಿನ ಜನ ತಮ್ಮ ಮನೆಯಲ್ಲಿ ಕೂತು ಯಾವ ಸುದ್ದಿ ನೋಡುತ್ತಿದ್ದಾರೆ ಎಂಬುದು ಅಮೆರಿಕದ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಅದೇ ವರ್ಷ ಲಿಂಕ್ ಟಿವಿ 'ಮೊಸೈಕ್' ಎಂಬ ಅರ್ಧ ಗಂಟೆಯ ಕಾರ್ಯಕ್ರಮ ಶುರು ಮಾಡಿತು. ಜೆರುಸಲೇಮಿನಲ್ಲಿ ಹುಟ್ಟಿದ ಜಮಾಲ್ ದಜಾನಿ ಅದರ ನಿರ್ಮಾಪಕರು. ಕತಾರ್, ದುಬೈ, ಲೆಬನಾನ್, ಸಿರಿಯಾ, ಇರಾನ್, ಇಸ್ರೇಲ್ ಹೀಗೆ ಹಲವು ಕಡೆಯ ಸುದ್ದಿಗಳ ತುಣುಕುಗಳನ್ನು ಇಂಗ್ಲಿಷಿಗೆ ಅನುವಾದಿಸಿ ಸಾಲಾಗಿ ತೋರಿಸುತ್ತಿದ್ದರು. ಮಧ್ಯೆ ಯಾರೂ ಬಂದು 'ಇದು ಸರಿ, ಇದು ತಪ್ಪು' ಎಂದು ಹೇಳುತ್ತಿರಲಿಲ್ಲ. ಟಿವಿ, ರೇಡಿಯೊ ಕಾರ್ಯಕ್ರಮಗಳಿಗೆ ಅಮೆರಿಕದಲ್ಲಿ ಕೊಡುವ ಪೀಬಡಿ ಪ್ರಶಸ್ತಿ 2004ರ ಸಾಲಿನಲ್ಲಿ ಇದಕ್ಕೆ ಬಂತು.

ಈಗ ನಿಮ್ಮ ಆತಂಕಕ್ಕೆ ಬರುತ್ತೇನೆ. ಅರಬ್ ದೇಶಗಳ ಸರಕಾರಿ ಟಿವಿ ನೋಡಿದ್ದೀರಾ? ಎಷ್ಟೋ ದಿನ ಮೊದಲ ಸುದ್ದಿ ಒಂದೇ: ಅಧ್ಯಕ್ಷರು ಅಥವಾ ದೊರೆ ಯಾರೋ ಅತಿಥಿಯನ್ನು ಬರಮಾಡಿಕೊಂಡರು. ಕುರ್ಚಿ, ಕಾರ್ಪೆಟ್, ಕೈಕುಲುಕುವುದು. ಇದು ಪ್ರಚಾರವೇ, ಅನುಮಾನವಿಲ್ಲ. ಆದರೆ ಅದೇ ಹೊತ್ತಿಗೆ ಪಕ್ಕದ ದೇಶದ ಚಾನೆಲ್ ಬಾಂಬ್ ಬಿದ್ದ ಬೀದಿಯನ್ನು ತೋರಿಸುತ್ತಿದ್ದರೆ? ಮೊದಲನೆಯದು ಏನನ್ನು ಬಚ್ಚಿಟ್ಟಿತು ಎಂಬುದು ಯಾರೂ ಹೇಳದೆಯೇ ತಿಳಿಯುತ್ತದೆ. ಆ ದೇಶದ ಜನರಿಗೆ ದಿನಾ ಏನನ್ನು ಉಣಿಸುತ್ತಿದ್ದಾರೆ ಎಂಬುದೂ ತಿಳಿಯುತ್ತದೆ. ಅದೂ ಒಂದು ಸುದ್ದಿಯೇ.

2003ರ ಏಪ್ರಿಲ್ ನೆನಪಿಸಿಕೊಳ್ಳಿ. ಬಾಗ್ದಾದಿನಲ್ಲಿ ಅಮೆರಿಕದ ಸೈನ್ಯವೇ ಇಲ್ಲ ಎಂದು ಇರಾಕಿನ ವಾರ್ತಾ ಸಚಿವ ಮೊಹಮ್ಮದ್ ಸಯೀದ್ ಅಲ್-ಸಹಾಫ್ ಪತ್ರಕರ್ತರ ಮುಂದೆ ಖಡಾಖಂಡಿತವಾಗಿ ಹೇಳುತ್ತಿದ್ದರು. ಅದೇ ಊರಿನ ಒಳಗೆ ಟ್ಯಾಂಕುಗಳು ಬಂದದ್ದನ್ನು ಬೇರೆ ಕ್ಯಾಮೆರಾಗಳು ತೋರಿಸುತ್ತಿದ್ದವು. ಸಚಿವರ ಮಾತನ್ನಷ್ಟೇ ಕೇಳಿದವರು ಮೋಸಹೋಗಿರಬಹುದು. ಎರಡನ್ನೂ ನೋಡಿದವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಇಷ್ಟು ನೇರವಾಗಿ ಕಾಣದ ವಿಷಯವೇ ಜಾಸ್ತಿ. ಪ್ಯಾಲೆಸ್ಟೀನಿನ ಒಬ್ಬ ಯುವಕ ಸತ್ತ ಎಂದುಕೊಳ್ಳಿ. ಎಷ್ಟೋ ಅರಬ್ ಚಾನೆಲ್‌ಗಳು 'ಶಹೀದ್' ಎನ್ನುತ್ತವೆ, ಅಂದರೆ ಹುತಾತ್ಮ. ಇಸ್ರೇಲಿನ ಚಾನೆಲ್ ಅವನನ್ನೇ ಭಯೋತ್ಪಾದಕ ಎನ್ನಬಹುದು. ಇಂಗ್ಲಿಷಿಗೆ ತರುವವರು ಆ ಪದವನ್ನು ಹಾಗೇ ಇಡಬೇಕೋ, 'ಸತ್ತ ವ್ಯಕ್ತಿ' ಎಂದು ಮೆತ್ತಗೆ ಮಾಡಬೇಕೋ? ಹಾಗೇ ಇಡುವುದೇ ಸರಿ ಎಂದು ನಾನು ನಂಬುತ್ತೇನೆ. ಪದವನ್ನು ಮೆತ್ತಗೆ ಮಾಡಿದರೆ ಚಾನೆಲ್‌ನ ಮನಸ್ಸು ನೋಡುಗರಿಗೆ ಕಾಣುವುದೇ ಇಲ್ಲ. ಸುದ್ದಿಯನ್ನು ಓದಲು ಕಲಿಯುವುದು ಎಂದರೆ ಮುಖ್ಯವಾಗಿ ಇದೇ. ಯಾವ ಪದ ಬಳಸಿದರು? ಯಾವುದನ್ನು ಮೊದಲು ಇಟ್ಟರು? ಯಾರಿಗೆ ಮೈಕ್ ಕೊಟ್ಟರು, ಯಾರನ್ನು ಕೇಳಲೇ ಇಲ್ಲ?

ಹಾಗಂತ ಮೊಸೈಕ್‌ನಂಥ ಕಾರ್ಯಕ್ರಮದಲ್ಲಿ ಯಾರ ಕೈಯೂ ಆಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಅಷ್ಟು ಚಾನೆಲ್‌ಗಳಿಂದ ಅರ್ಧ ಗಂಟೆಗೆ ಸಾಕಾಗುವಷ್ಟನ್ನು ಯಾರೋ ಆರಿಸಲೇಬೇಕು. ಆರಿಸುವುದೂ ಒಂದು ತೀರ್ಮಾನವೇ. ಇನ್ನೊಂದು ಅಪಾಯ ಈಗ ಬಂದದ್ದು. ಆ ಸಾಲಿನಿಂದ ಒಂದೇ ತುಣುಕನ್ನು ಕಿತ್ತು, ಚಾನೆಲ್‌ನ ಹೆಸರು ಅಳಿಸಿ ವಾಟ್ಸಾಪ್‌ಗೆ ಹಾಕಿದರೆ ನೀವು ಹೆದರಿದ್ದೇ ಆಗುತ್ತದೆ. ಅಲ್ಲಿ ನಿಮ್ಮ ಮಾತು ಪೂರ್ತಿ ಸರಿ.

2012ರಲ್ಲಿ ಲಿಂಕ್ ಟಿವಿ ಲಾಸ್ ಏಂಜಲೀಸ್‌ನ ಕೆಸಿಇಟಿ ಎಂಬ ಟಿವಿ ಕೇಂದ್ರದ ಜೊತೆ ಸೇರುವ ತೀರ್ಮಾನವಾಯಿತು. ಮೊಸೈಕ್ ಈಗ ಇಲ್ಲ. ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಮನೆಗಳಿಗೆ ಕೊಲ್ಲಿ ದೇಶಗಳ ಸುದ್ದಿ ಎಂದರೆ ಮನೆಯವರ ಸುದ್ದಿ. ಆ ಮನೆಗಳಿಗೆ ಕನ್ನಡದಲ್ಲಿ ಇಂಥದ್ದು ಸಿಕ್ಕಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು!

ಅಷ್ಟು ದೂರವೂ ಬೇಡ. 2016ರ ಸೆಪ್ಟೆಂಬರ್‌ನ ಕಾವೇರಿ ಗಲಾಟೆ ನೆನಪಿದೆಯಲ್ಲ? ಸೆಪ್ಟೆಂಬರ್ 5ರಂದು ಸುಪ್ರೀಂ ಕೋರ್ಟ್ ಹತ್ತು ದಿನ 15,000 ಕ್ಯುಸೆಕ್‌ನಂತೆ ನೀರು ಬಿಡಿ ಎಂದಿತು. 12ರಂದು ಅದನ್ನು 12,000ಕ್ಕೆ ಇಳಿಸಿತು. ಅದೇ ದಿನ ಬೆಂಗಳೂರಿನಲ್ಲಿ ಬಸ್ಸುಗಳು ಉರಿದವು. ಚೆನ್ನೈಯಲ್ಲಿ ಕನ್ನಡಿಗರ ಹೋಟೆಲ್ ಮೇಲೆ ದಾಳಿಯಾದ ಸುದ್ದಿ ಇಲ್ಲಿ, ಬೆಂಗಳೂರಿನಲ್ಲಿ ತಮಿಳು ಹುಡುಗನಿಗೆ ಹೊಡೆದ ವಿಡಿಯೊ ಅಲ್ಲಿ. ಒಂದೇ ನದಿ. ನಮಗೆ ಕೆಆರ್‌ಎಸ್‌ನಲ್ಲಿ ಎಷ್ಟು ಅಡಿ ನೀರಿದೆ ಎಂಬ ಚಿಂತೆ, ಅವರಿಗೆ ಮೆಟ್ಟೂರಿನಲ್ಲಿ ಎಷ್ಟು ಅಡಿ ಇದೆ ಎಂಬ ಚಿಂತೆ. ಆ ವಾರ ದಿನಾ ಅರ್ಧ ಗಂಟೆ ತಮಿಳು ಚಾನೆಲ್‌ಗಳ ಸುದ್ದಿಯನ್ನು ಕನ್ನಡ ಅಕ್ಷರದ ಅನುವಾದದೊಂದಿಗೆ ನಮ್ಮಲ್ಲಿ ಯಾರಾದರೂ ತೋರಿಸಿದ್ದರೆ, ನಮ್ಮ ಸುದ್ದಿಯನ್ನು ತಮಿಳಿನಲ್ಲಿ ಅಲ್ಲಿ ತೋರಿಸಿದ್ದರೆ? ಅದರಲ್ಲಿ ಅತಿರೇಕವೂ ಇರುತ್ತಿತ್ತು, ಸುಳ್ಳೂ ಇರುತ್ತಿತ್ತು. ಅದರ ಜೊತೆಗೆ, ಸಾಂಬಾ ಭತ್ತದ ನಾಟಿಗೆ ನೀರು ಕಾಯುತ್ತಾ ಕೂತ ತಂಜಾವೂರಿನ ರೈತನ ಮುಖವನ್ನು ಮಂಡ್ಯದ ರೈತ ನೋಡುತ್ತಿದ್ದ. ಕಬ್ಬು ಒಣಗಿದ ಮಂಡ್ಯದ ಗದ್ದೆಯನ್ನು ತಂಜಾವೂರಿನವನೂ ನೋಡುತ್ತಿದ್ದ.