ಮುಂಬೈ ಹೊಟೇಲ್ ಬಿಲ್‌ನ ಜಿಎಸ್‌ಟಿ ಮೈಸೂರಿಗೆ ವಾಪಸ್ ಬರುತ್ತಾ?

ಪ್ರಶ್ನೆ: ನಮ್ಮದು ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಸಣ್ಣ ಕಂಪನಿ. ಸೇಲ್ಸ್, ಸರ್ವಿಸ್ ಹುಡುಗರು ಮುಂಬೈ, ಪುಣೆ, ಚೆನ್ನೈ ಅಂತ ಓಡಾಡುತ್ತಿರುತ್ತಾರೆ. ಟಿಕೆಟ್, ರೂಮು ಎಲ್ಲ ಬುಕ್ ಮಾಡುವುದು ನಾನೇ. ಹೊಟೇಲ್ ಬಿಲ್‌ನಲ್ಲಿ ನಮ್ಮ ಜಿಎಸ್‌ಟಿ ನಂಬರ್ ಸರಿಯಾಗಿಯೇ ಇದೆ. ಆದರೂ ಆ ಟ್ಯಾಕ್ಸ್‌ಗೆ ಕ್ರೆಡಿಟ್ (ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅಷ್ಟನ್ನು ವಜಾ ಮಾಡಿಕೊಳ್ಳುವುದು) ಸಿಗಲ್ಲ ಅಂತಾರೆ ಆಡಿಟರ್. ನಿಜವಾ?

ನಿಜ. ನಿಮ್ಮ ಆಡಿಟರ್ ಹೇಳಿದ್ದೇ ಸರಿ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಇದೇ ಪ್ರಶ್ನೆ ಹೂಟಗಳ್ಳಿಯಿಂದಲೂ ಬಂದಿದೆ, ಮದ್ದೂರಿನ ಸೋಮನಹಳ್ಳಿಯಿಂದಲೂ ಬಂದಿದೆ. ಚಿಕ್ಕದಾಗಿ ಉತ್ತರ ಕೊಟ್ಟರೆ ಯಾರೂ ಒಪ್ಪುವುದಿಲ್ಲ. "ಇಲ್ಲ ಸಾರ್, ನಂಬರ್ ಕೊಟ್ಟಿದ್ದೀವಲ್ಲ" ಅಂತ ಮತ್ತೆ ಶುರು. ಆದ್ದರಿಂದ ಈ ಸಲ ಉದ್ದವಾಗಿಯೇ ಹೇಳುತ್ತೇನೆ.

"ನಂಬರ್ ಕೊಟ್ಟರೆ ಟ್ಯಾಕ್ಸ್ ವಾಪಸ್" ಅನ್ನುವ ನಂಬಿಕೆ ಹುಟ್ಟಿದ್ದು ವಿಮಾನದ ಟಿಕೆಟ್‌ನಿಂದ. ಅಲ್ಲಿ ಅದು ನಿಜ. ಟಿಕೆಟ್ ಕೊಂಡವರು ಜಿಎಸ್‌ಟಿ ನೋಂದಣಿ ಇರುವವರಾದರೆ, ಅವರು ಯಾವ ರಾಜ್ಯದವರೋ ಆ ರಾಜ್ಯಕ್ಕೇ ಆ ಸೇವೆ ಲೆಕ್ಕ. ಪುಣೆಯಿಂದ ದೆಹಲಿಗೆ ಹಾರಿದರೂ ಕರ್ನಾಟಕದ ನಂಬರ್‌ಗೆ ಕ್ರೆಡಿಟ್ ಬರುತ್ತೆ. ಬೆಂಗಳೂರು, ಹುಬ್ಬಳ್ಳಿ ಹೊಟೇಲ್‌ಗಳಲ್ಲೂ ಬರುತ್ತೆ. ಹೀಗೆ ನಾಲ್ಕು ಕಡೆ ಬಂದದ್ದು ಐದನೇ ಕಡೆಯೂ ಬರಲೇಬೇಕು ಅಂತ ಹಟ.

ಹೊಟೇಲ್‌ಗೆ ಕಾನೂನು ಬೇರೆ. ಅಲ್ಲಿ ನೋಡುವುದು ಕಟ್ಟಡ ಎಲ್ಲಿದೆ ಅಂತ. ಯಾರು ಮಲಗಿದರು, ದುಡ್ಡು ಯಾರು ಕೊಟ್ಟರು ಅಂತಲ್ಲ. ಅಂಧೇರಿಯ ರೂಮು ಅಂಧೇರಿಯಲ್ಲೇ ಬಳಕೆಯಾಯಿತು, ಟ್ಯಾಕ್ಸ್ ಮಹಾರಾಷ್ಟ್ರದ ಲೆಕ್ಕಕ್ಕೆ ಹೋಯಿತು. ಬಿಲ್ ತೆಗೆದು ನೋಡಿ. ಹೊಟೇಲ್‌ನ ನಂಬರ್ ಮಹಾರಾಷ್ಟ್ರದ ಕೋಡ್ 27ರಿಂದ ಶುರುವಾಗುತ್ತೆ, ನಿಮ್ಮದು ಕರ್ನಾಟಕದ 29ರಿಂದ. ಕೆಳಗೆ ಸಿಜಿಎಸ್‌ಟಿ (ಕೇಂದ್ರದ ಪಾಲು), ಎಸ್‌ಜಿಎಸ್‌ಟಿ (ರಾಜ್ಯದ ಪಾಲು) ಅಂತ ಎರಡು ಸಾಲು. ಆ ಎಸ್‌ಜಿಎಸ್‌ಟಿ ಮಹಾರಾಷ್ಟ್ರದ್ದು. ಅದನ್ನು ನಮ್ಮ ರಾಜ್ಯ ಯಾಕೆ ನಿಮಗೆ ಬಿಟ್ಟುಕೊಡುತ್ತೆ ಹೇಳಿ?

ಇಲ್ಲಿಗೆ ಬಂದಾಗ ಮುಂದಿನ ಪ್ರಶ್ನೆ ಸಿದ್ಧವಾಗಿರುತ್ತೆ. "ಸಿಜಿಎಸ್‌ಟಿ ಕೇಂದ್ರದ್ದಲ್ವಾ, ಆ ಅರ್ಧವಾದರೂ ಸಿಗಬೇಕಲ್ವಾ?" ಸಿಗಲ್ಲ. ಜಿಎಸ್‌ಟಿಯಲ್ಲಿ ಒಂದೇ ಕಂಪನಿಯ ಒಂದೊಂದು ರಾಜ್ಯದ ನೋಂದಣಿಯೂ ಬೇರೆ ಬೇರೆ ವ್ಯಕ್ತಿ. ಮಹಾರಾಷ್ಟ್ರದಲ್ಲಿ ಕಟ್ಟಿದ ಸಿಜಿಎಸ್‌ಟಿ ಮಹಾರಾಷ್ಟ್ರದ ನೋಂದಣಿಗೆ ಮಾತ್ರ ಉಪಯೋಗ. ಪುಣೆಯಲ್ಲಿ ನಿಮಗೆ ಬ್ರಾಂಚ್ ಇದ್ದು, ಆ ಬ್ರಾಂಚ್‌ನ ಕೆಲಸಕ್ಕೇ ಹೋಗಿದ್ದರೆ, ಅಲ್ಲಿನ 27ರ ನಂಬರ್ ಕೊಡಿ. ಬ್ರಾಂಚ್ ಇಲ್ಲದಿದ್ದರೆ ರೂಮಿನ ಟ್ಯಾಕ್ಸ್‌ಗೋಸ್ಕರ ಅಲ್ಲಿ ನೋಂದಣಿ ಮಾಡಿಸಲು ಹೋಗಬೇಡಿ. ಪ್ರತಿ ತಿಂಗಳು ರಿಟರ್ನ್ ಹಾಕುವ ಫೀಸೇ ಜಾಸ್ತಿ ಆಗುತ್ತೆ.

"ಜಿಎಸ್‌ಟಿ ಪೋರ್ಟಲ್‌ನಲ್ಲಿ ಬಿಲ್ ಕಾಣಿಸ್ತಾ ಇದೆಯಲ್ಲ" ಅನ್ನುವುದು ಇನ್ನೊಂದು ವಾದ. ಕಾಣಿಸುತ್ತೆ. ತಿಂಗಳ 14ಕ್ಕೆ ಬರುವ ಜಿಎಸ್‌ಟಿಆರ್-2ಬಿ (ನಿಮ್ಮ ನಂಬರ್‌ಗೆ ಬಂದ ಬಿಲ್‌ಗಳ ಕ್ರೆಡಿಟ್ ಲೆಕ್ಕ) ತೆಗೆದು, ಆ ಬಿಲ್ ಯಾವ ಪಟ್ಟಿಯಲ್ಲಿದೆ ನೋಡಿ. ಕ್ರೆಡಿಟ್ ಸಿಗದ ಬಿಲ್‌ಗಳ ಪಟ್ಟಿಯಲ್ಲಿರುತ್ತೆ. ಹೊಟೇಲ್‌ನ ರಾಜ್ಯ ಬೇರೆ, ನಿಮ್ಮ ರಾಜ್ಯ ಬೇರೆ ಅನ್ನುವ ಕಾರಣವನ್ನೂ ಪಕ್ಕದಲ್ಲೇ ಹಾಕಿರುತ್ತಾರೆ. ಕೆಲವರು ಬುಕಿಂಗ್ ಆ್ಯಪ್‌ನ ಬಿಲ್ ತೋರಿಸಿ "ಇದರಲ್ಲಿ ಐಜಿಎಸ್‌ಟಿ (ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಮಾರಿದಾಗಿನ ಟ್ಯಾಕ್ಸ್) ಇದೆ" ಅಂತಾರೆ. ಅದು ಆ್ಯಪ್‌ನವರ ಫೀ ಮೇಲಿನ ಟ್ಯಾಕ್ಸ್ ಸ್ವಾಮಿ. 300 ರೂಪಾಯಿ ಫೀ ಹಾಕಿದ್ದರೆ 54 ರೂಪಾಯಿ. ಅದು ಸಿಗುತ್ತೆ, ತಗೊಳ್ಳಿ. ರೂಮಿನದ್ದು ಬೇರೆ ಬಿಲ್.

ಅಷ್ಟಕ್ಕೂ ಈ ಜಗಳ ಎಷ್ಟು ದುಡ್ಡಿಗೆ? 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7500 ರೂಪಾಯಿವರೆಗಿನ ರೂಮಿಗೆ 5% ಟ್ಯಾಕ್ಸ್. 4000 ರೂಪಾಯಿ ರೂಮಿಗೆ 200. ಕ್ರೆಡಿಟ್ ಸಿಗದಿದ್ದರೂ ಅದನ್ನು ಪ್ರಯಾಣದ ಖರ್ಚಿಗೇ ಸೇರಿಸಬಹುದು. ನಿಜವಾಗಿ ಕಣ್ಣಿಡಬೇಕಾದ್ದು ಆ 7500ರ ಗೆರೆ ಮೇಲೆ. ಅದು ದಾಟಿದರೆ ಪೂರ್ತಿ ಬಾಡಿಗೆಗೆ 18%. 7400ರ ರೂಮು ಟ್ಯಾಕ್ಸ್ ಸೇರಿ 7770 ಆದರೆ, 7600ರ ರೂಮು 8968. ಬಾಡಿಗೆಯಲ್ಲಿ 200 ವ್ಯತ್ಯಾಸ, ಕೈಯಿಂದ ಹೆಚ್ಚಿಗೆ ಹೋಗುವುದು 1198. ಕಂಪನಿಯ ಟ್ರಾವೆಲ್ ಪಾಲಿಸಿಯಲ್ಲಿ "ದಿನಕ್ಕೆ 8000ದ ಒಳಗೆ" ಅಂತ ಸುಮ್ನೆ ದುಂಡಗೆ ಬರೆದಿದ್ದರೆ, ಇವತ್ತೇ ತಿದ್ದಿಸಿ.

ವಿಮಾನದ ಟಿಕೆಟ್‌ಗೆ ನಂಬರ್ ಬುಕ್ ಮಾಡುವಾಗಲೇ ಹಾಕಿ. ಹುಡುಗರು ತಮ್ಮ ಫೋನ್‌ನಲ್ಲಿ ತಾವೇ ಬುಕ್ ಮಾಡಿಕೊಂಡು, ಆಮೇಲೆ ಸೇರಿಸಿ ಅಂದರೆ ಕಷ್ಟ. ಟಿಕೆಟ್ ಬೇರೆ, ಏರ್‌ಲೈನ್ ಕೊಡುವ ಟ್ಯಾಕ್ಸ್ ಇನ್‌ವಾಯ್ಸ್ ಬೇರೆ. ಆಡಿಟರ್‌ಗೆ ಬೇಕಾದ್ದು ಎರಡನೆಯದು. ರೈಲಿನಲ್ಲಿ ಎಸಿ, ಫಸ್ಟ್ ಕ್ಲಾಸಿಗೆ ಮಾತ್ರ ಈ ಲೆಕ್ಕ, ಸ್ಲೀಪರ್‌ಗೆ ಟ್ಯಾಕ್ಸೇ ಇಲ್ಲ. ಊಟದ ಬಿಲ್ ಮರೆತುಬಿಡಿ.

ಟ್ಯಾಕ್ಸಿಯದ್ದೂ ಸಿಗಲ್ಲ. ಡ್ರೈವರ್ ಸೇರಿ 13 ಸೀಟಿನವರೆಗಿನ ಗಾಡಿಯ ಬಾಡಿಗೆಗೆ, ಗಾಡಿ ಬಿಡುವುದೇ ವ್ಯಾಪಾರ ಆಗಿರುವವರನ್ನು ಬಿಟ್ಟರೆ, ಸಾಮಾನ್ಯವಾಗಿ ಕ್ರೆಡಿಟ್ ಇಲ್ಲ. 12+1ರ ಟಿಟಿ (ಟೆಂಪೋ ಟ್ರಾವೆಲರ್) ಆ ಗೆರೆಯ ಒಳಗೇ ಬರುತ್ತೆ. 17+1ರದ್ದು ಹೊರಗೆ.

ಟ್ಯಾಕ್ಸಿ ಮಾತು ಬಂತಲ್ಲ, ನೀವು ಕೇಳದ್ದನ್ನೂ ಹೇಳಿಬಿಡುತ್ತೇನೆ. ಬೆಳಗ್ಗೆ ಆರರ ಫ್ಲೈಟ್ ಅಗ್ಗ ಅಂತ ಎಲ್ಲರೂ ಅದನ್ನೇ ಹಾಕುತ್ತಾರೆ. 2023ರಲ್ಲಿ ಮೈಸೂರು-ಬೆಂಗಳೂರು ಹೊಸ ಹೈವೇ ಬಂದ ಮೇಲಂತೂ ಧೈರ್ಯ ಜಾಸ್ತಿ. ಆದರೆ ಹೈವೇ ಬೆಂಗಳೂರಿನ ಈ ಕಡೆಗೇ ಮುಗಿಯುತ್ತೆ, ಏರ್‌ಪೋರ್ಟ್ ಇರುವುದು ಆ ಕಡೆ ದೇವನಹಳ್ಳಿಯಲ್ಲಿ. ನಾಲ್ಕೂವರೆಗೆ ಅಲ್ಲಿರಬೇಕು ಅಂದರೆ ಮೈಸೂರಲ್ಲಿ ಮಧ್ಯರಾತ್ರಿ ಗಾಡಿ ಹತ್ತಬೇಕು. ರಾತ್ರಿಯಿಡೀ ನಿದ್ದೆ ಕೆಟ್ಟವರು ಹತ್ತು ಗಂಟೆಗೆ ಕಸ್ಟಮರ್ ಮುಂದೆ ಏನು ಮಾತಾಡುತ್ತಾರೆ? ಹಿಂದಿನ ಸಂಜೆ ಕೆಎಸ್‌ಆರ್‌ಟಿಸಿ ಫ್ಲೈಬಸ್‌ನಲ್ಲಿ ಕಳಿಸಿ, ದೇವನಹಳ್ಳಿ ಕಡೆ ಒಂದು ರೂಮು ಮಾಡಿ. ಇಲ್ಲವೇ ಹನ್ನೊಂದರ ಫ್ಲೈಟ್ ಹಾಕಿ, ಮೀಟಿಂಗ್ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಎರಡೂ ಆಗದೆ ರಾತ್ರಿ ಟ್ಯಾಕ್ಸಿಯೇ ಗತಿ ಅಂತಾದರೆ, ಬರುವ ಡ್ರೈವರ್ ಹಗಲೆಲ್ಲ ಇನ್ನೊಂದು ಟ್ರಿಪ್ ಮುಗಿಸಿ ಬರುತ್ತಿದ್ದಾರಾ ಅಂತ ಬುಕ್ ಮಾಡುವಾಗಲೇ ಕೇಳಿ.